ಗ್ರಂಥಾಲಯದ ಆ ಹಿರಿಯರಿಗೆ ವಂದನೆಗಳು

ನಮ್ಮ ಸೀಮೆಯ ಹಿರಿಯ ರಂಗಕಲಾವಿದೆಯೊಬ್ಬರ ಕುರಿತು ಕನ್ನಡ ವಿಕಿಪೀಡಿಯದಲ್ಲಿ ನಾನು ಬರೆದ ಲೇಖನಕ್ಕೆ, ಗಮನಾರ್ಹತೆ, ಅಂದರೆ ಪ್ರತ್ಯೇಕ ಲೇಖನಕ್ಕೆ ಬೇಕಾದ ಅರ್ಹತೆ, ಸಾಬೀತಾಗಿಲ್ಲವೆಂದು ಅಳಿಸುವಿಕೆಯ ಸೂಚನೆ ಬಿದ್ದಿತ್ತು. ಕುಟುಂಬದವರು ತಂದ ಸ್ಮರಣ ಸಂಚಿಕೆ ಸಾಲದು, ಅವರೊಡನೆ ಸಂಬಂಧವಿಲ್ಲದವರು ವಿವರವಾಗಿ ಬರೆದು ಪ್ರಕಟಿಸಿದ ಆಧಾರವೇ ಬೇಕು. ಈ ನಿಯಮ ನ್ಯಾಯವಾದದ್ದೇ. ದಾವಣಗೆರೆಯ ಗ್ರಂಥಾಲಯವೊಂದಕ್ಕೆ ಬಾಗಿಲು ಹಾಕುವ ಹೊತ್ತಿಗೆ ಹೋದೆ. ಹೊರಟು ನಿಂತಿದ್ದ ಸಿಬ್ಬಂದಿಯೊಬ್ಬರು ಬುತ್ತಿಯ ಚೀಲವನ್ನು ಮತ್ತೆ ಮೇಜಿನ ಮೇಲಿಟ್ಟು, “ಕುಂದ್ರಿ, ಹುಡುಕೋಣ” ಎಂದರು. ರಟ್ಟು ಕಟ್ಟಿದ ಹಳೆಯ ಪತ್ರಿಕೆಗಳನ್ನು ಇಳಿಸಿ, ಟವೆಲ್ಲಿನಿಂದ ಧೂಳು ಒರೆಸಿ, ಅಂಚು ಮುರಿಯದಂತೆ ಅಂಗೈಯಿಂದ ಒಂದೊಂದೇ ಹಾಳೆಯನ್ನು ಎತ್ತಿ ತಿರುವಿದರು. ಎರಡು ದೀರ್ಘ ಬರಹಗಳು ಸಿಕ್ಕವು. ದಿನಾಂಕ, ಪುಟಸಂಖ್ಯೆಗಳನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ತಾವೇ ದುಂಡಗೆ ಬರೆದುಕೊಟ್ಟರು. ಲೇಖನ ಉಳಿಯಿತು, ನನ್ನ ಎದೆಭಾರ ಇಳಿಯಿತು. ಅವಸರದಲ್ಲಿ ತಮ್ಮ ಹೆಸರು ಕೇಳಲಿಲ್ಲ, ಸರ್. ಆ ಚೀಟಿಯನ್ನು ಜೋಪಾನವಾಗಿಟ್ಟಿದ್ದೇನೆ.