ಭಾನುವಾರದ ಕ್ಲಾಸಿಗೆ ಮುಂಚೆ: 6/8

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಜಯನಗರದಲ್ಲೇ ಕ್ಲಾಸು. ಈ ಸಲ ಪಾಶ್ಚಾತ್ಯ ಸಂಗೀತದ 6/8 ತಾಳ. ಒಂದು ಬಾರ್‌ನಲ್ಲಿ (ಅಂದರೆ ತಾಳದ ಒಂದು ಸುತ್ತಿನಲ್ಲಿ) ಎಣಿಕೆ ಆರಾದರೂ ಬೀಟ್ ಎರಡೇ, ಒಂದೊಂದರಲ್ಲಿ ಮೂರು ಮೂರು. ಕಳೆದ ವಾರ ಜಾಸ್ತಿ ಜನ ಆರಕ್ಕೂ ಕಾಲು ಕುಟ್ಟಿದಿರಿ. ಕಲಿಯುವಾಗ ನಾನೂ ಅದೇ ಮಾಡಿದ್ದೆ ಬಿಡಿ! ಒಂದಕ್ಕೆ, ನಾಲ್ಕಕ್ಕೆ ಮಾತ್ರ ಕುಟ್ಟಿ. ಬಾಯಲ್ಲಿ 'ತಕಿಟ ತಕಿಟ' ಹೇಳಿ. ಮೃದಂಗ ಕಲಿತವರಿಗೆ ತಿಶ್ರ ನಡೆ (ಒಂದು ಪೆಟ್ಟಿಗೆ ಮೂರು ಎಣಿಕೆ) ಹೊಸದೇನಲ್ಲ, ಅಲ್ವಾ? 3/4ರಲ್ಲೂ ಇದೇ ಆರು ಹಿಡಿಸುತ್ತವೆ, ಆದರೆ ಅಲ್ಲಿ ಒತ್ತು ಒಂದು, ಮೂರು, ಐದರ ಮೇಲೆ. ಎರಡನ್ನೂ ಮೇಜಿನ ಮೇಲೆ ತಟ್ಟಿ ನೋಡಿ, ಕಿವಿಗೇ ಗೊತ್ತಾಗುತ್ತದೆ. ಮೆಟ್ರೊನೋಮ್ (ಲಯಕ್ಕೆ ಟಿಕ್ ಟಿಕ್ ಎನ್ನುವ ಸಾಧನ) ನಿಮಿಷಕ್ಕೆ 50 ಟಿಕ್ಕಿಗೆ ಇಡಿ, ಒಂದು ಟಿಕ್ಕಿಗೆ ಒಂದು ತಕಿಟ. ನಮ್ಮ ಮೆಟ್ರೊದಲ್ಲಿ ತಟ್ಟುವವರು ಪಕ್ಕದವರ ಮುಖ ನೋಡಿಕೊಂಡು ತಟ್ಟಿ. 12/8 ಮುಂದಿನ ವಾರ.