ಚರಂಡಿಗೆ ಕಾಂಕ್ರೀಟ್ ಬಳಿದದ್ದು ಸಾಕು, ಇಂಗುಬಾವಿ ತೋಡಿ

ಸಂಪಾದಕರೇ,

ಮಳೆಗಾಲ ಬಂತೆಂದರೆ ಬೆಂಗಳೂರಿನಲ್ಲಿ ರಾಜಕಾಲುವೆಯ, ಅಂದರೆ ಮಳೆನೀರಿನ ದೊಡ್ಡ ಚರಂಡಿಯ, ಹೂಳೆತ್ತುವ ಮಾತು ಶುರು. ಎತ್ತಿದ ಹೂಳು ದಂಡೆಯಲ್ಲೇ ರಾಶಿ ಬಿದ್ದಿರುತ್ತದೆ, ಮುಂದಿನ ಮಳೆಗೆ ಮತ್ತೆ ಒಳಕ್ಕೆ! ಇನ್ನು ಕಾಲುವೆಯ ತಳಕ್ಕೂ ಕಾಂಕ್ರೀಟ್ ಬಳಿದರೆ ನೀರು ಜೋರಾಗಿ ಓಡುತ್ತದೆ, ಅಷ್ಟೇ. ಮುಳುಗುವುದು ತಗ್ಗಿನ ಬಡಾವಣೆಯವರು. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. 2024ರ ಬೇಸಿಗೆಯಲ್ಲಿ ಅದೇ ಊರು ಟ್ಯಾಂಕರ್‌ಗೆ ಕಾಯಿತು. ವಿಚಿತ್ರ ಅಲ್ವಾ?

30x40 ಸೈಟಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು ಐದೂವರೆ ಸಾವಿರ ಲೀಟರ್ ನೀರು. ಮಳೆನೀರನ್ನು ನೆಲಕ್ಕಿಳಿಸುವ ಇಂಗುಬಾವಿ ಮೂರಡಿ ಅಗಲ, ಇಪ್ಪತ್ತಡಿ ಆಳ ಇದ್ದರೆ ಅದರಲ್ಲಿ ನಾಲ್ಕು ಸಾವಿರ ಹಿಡಿಯುತ್ತದೆ, ನೆಲಕ್ಕೆ ಇಂಗಿಹೋಗುವುದು ಬೇರೆ. ಇಂಥ ಬಾವಿ ತೋಡಿ ಸಿಮೆಂಟ್ ರಿಂಗ್ ಇಳಿಸುವ ಮಣ್ಣುವಡ್ಡರು ನಮ್ಮಲ್ಲೇ ಇದ್ದಾರೆ. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳಿಗೆ ಜೀವ ಕೊಟ್ಟವರೂ ಅವರೇ.

ನಮ್ಮ ಬಡಾವಣೆಗಳ ಪಾರ್ಕುಗಳನ್ನು ನೋಡಿ. ಹೆಚ್ಚಿನವು ರಸ್ತೆಗಿಂತ ಒಂದಡಿ ಎತ್ತರ, ಸುತ್ತ ಕಟ್ಟೆ ಬೇರೆ. ರಸ್ತೆಯ ನೀರು ಒಳಗೆ ಹೋಗುವುದಾದರೂ ಹೇಗೆ? ಕಟ್ಟೆಯಲ್ಲಿ ಕಿಂಡಿ ಬಿಟ್ಟು, ಮಣ್ಣು ತಗ್ಗಿಸಿ, ಪ್ರತಿ ಪಾರ್ಕಿನಲ್ಲೂ ನಾಲ್ಕಾರು ಇಂಗುಬಾವಿ ತೋಡಿಸಲಿ. ಮುಂದಿನ ಮುಂಗಾರಿಗೆ ಮೊದಲು ವಾರ್ಡಿಗೆ ಒಂದು ಪಾರ್ಕಿನಲ್ಲಾದರೂ ಪಾಲಿಕೆ ಈ ಕೆಲಸ ಮುಗಿಸಲಿ.

– ಓದುಗ, ಬೆಂಗಳೂರು