ಅಳತೆ ಬೋರ್ಡ್‌ನ ಇನ್‌ಪುಟ್ ಮಿತಿ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ವೋಲ್ಟೇಜನ್ನು ಅಂಕಿಗಳಾಗಿ ಬದಲಿಸುವ ಎಡಿಎಸ್1115 ಚಿಪ್ ಇರುವ ನಮ್ಮ ನಾಲ್ಕು ಚಾನೆಲ್‌ಗಳ ಅಳತೆ ಬೋರ್ಡ್ ಮುಂದಿನ ತಯಾರಿಕೆಯಿಂದ ಎರಡು ಬದಲಾವಣೆಗಳೊಂದಿಗೆ ಬರಲಿದೆ. ಪ್ರತಿ ಇನ್‌ಪುಟ್‌ಗೂ ಸರಣಿಯಲ್ಲಿ 2.2 ಕಿಲೋಓಮ್ ರೆಸಿಸ್ಟರ್ ಸೇರಿಸಿದ್ದೇವೆ. ಟರ್ಮಿನಲ್ ಪಕ್ಕದಲ್ಲಿ ಅಚ್ಚಾಗುತ್ತಿದ್ದ ‘±6.144 ವೋಲ್ಟ್’ ಎಂಬ ಬರಹವನ್ನು ಅಳಿಸಿದ್ದೇವೆ. ಎರಡನೆಯದೇ ಹೆಚ್ಚು ಮುಖ್ಯ. ಆ ಬರಹ ಹಲವರನ್ನು ದಾರಿ ತಪ್ಪಿಸಿತು, ಅದನ್ನು ಹಾಕಿದವರು ನಾವೇ.

ಚಿಪ್ ಸುಟ್ಟುಹೋದ ಬೋರ್ಡ್ ಮರಳಿಸಿದ ಗ್ರಾಹಕರೊಬ್ಬರು, ‘ಆರು ವೋಲ್ಟ್ ತಡೆಯುತ್ತದೆಂದು ನೀವೇ ಬರೆದಿದ್ದೀರಲ್ಲ?’ ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ.

6.144 ಎಂಬುದು ಚಿಪ್‌ನೊಳಗಿನ ಅಳತೆಗೋಲಿನ ಉದ್ದ ಮಾತ್ರ. ಪಿನ್ ಎಷ್ಟು ತಾಳುತ್ತದೆ ಎಂಬುದನ್ನು ನೀವು ಕೊಡುವ ವಿದ್ಯುತ್ ಪೂರೈಕೆ ನಿರ್ಧರಿಸುತ್ತದೆ: ಗ್ರೌಂಡ್‌ಗಿಂತ 0.3 ವೋಲ್ಟ್ ಕೆಳಗಿನಿಂದ ಪೂರೈಕೆಗಿಂತ 0.3 ವೋಲ್ಟ್ ಮೇಲಿನವರೆಗೆ. 3.3 ವೋಲ್ಟ್ ಕೊಟ್ಟರೆ 3.6, 5 ಕೊಟ್ಟರೆ 5.3. ಚಿಪ್‌ಗೆ ಕೊಡಬಹುದಾದ ಪೂರೈಕೆಯೇ ಗರಿಷ್ಠ 5.5 ಆಗಿರುವುದರಿಂದ 6.144ನ್ನು ಯಾರೂ ಯಾವತ್ತೂ ಮುಟ್ಟುವಂತಿಲ್ಲ. ‘±’ ಚಿಹ್ನೆಯದೂ ಅದೇ ಕಥೆ. ಎರಡು ಪಿನ್‌ಗಳ ನಡುವಿನ ವ್ಯತ್ಯಾಸ ಋಣವಾಗಬಹುದು. ಆದರೆ ಯಾವ ಪಿನ್ ಕೂಡ ಗ್ರೌಂಡ್‌ಗಿಂತ 0.3 ವೋಲ್ಟ್‌ಗೂ ಹೆಚ್ಚು ಕೆಳಗಿಳಿಯಬಾರದು.

ಎಲ್ಲರೂ ಮರೆಯುವ ಸಂದರ್ಭ ಇನ್ನೊಂದಿದೆ. ಬೋರ್ಡ್‌ನ ವಿದ್ಯುತ್ ಆಫ್ ಮಾಡಿರುತ್ತೀರಿ, ಸೆನ್ಸರ್‌ಗೆ ಮಾತ್ರ ಬೇರೆ ಕಡೆಯಿಂದ ವಿದ್ಯುತ್ ಬರುತ್ತಿರುತ್ತದೆ. ಆಗ ಪೂರೈಕೆ ಸೊನ್ನೆ, ಹಾಗಾಗಿ ಮಿತಿ ಬರೀ 0.3 ವೋಲ್ಟ್. ಸಾಧುವಾಗಿ ಕಾಣುವ 3.3 ವೋಲ್ಟ್ ಸಂಕೇತವೂ ಒಳಗಿನ ರಕ್ಷಣಾ ಡಯೋಡ್ ಮೂಲಕ ಪೂರೈಕೆ ತಂತಿಗೆ ನುಗ್ಗುತ್ತದೆ. ಚಿಪ್ ಅರೆನಿದ್ದೆಯಲ್ಲಿದ್ದಂತೆ ವರ್ತಿಸುತ್ತದೆ. ಕೆಲವೊಮ್ಮೆ ಚಿಪ್ ತನ್ನ ಅಳತೆಗಳನ್ನು ಕಳುಹಿಸುವ ಐ2ಸಿ ಸಂಪರ್ಕವೇ ಸಿಕ್ಕಿಹಾಕಿಕೊಳ್ಳುತ್ತದೆ.

ಆ ಡಯೋಡ್‌ಗಳ ಮೂಲಕ ನಿರಂತರವಾಗಿ 10 ಮಿಲಿಆಂಪಿಯರ್‌ಗಿಂತ ಹೆಚ್ಚು ಹರಿಯಬಾರದು. ಹೊಸ ರೆಸಿಸ್ಟರ್ ಇದ್ದರೆ, ಕೈತಪ್ಪಿ 12 ವೋಲ್ಟ್ ತಾಗಿದರೂ ಬೋರ್ಡ್ ಆಫ್ ಆಗಿದ್ದಾಗ ಹರಿಯುವುದು ಸುಮಾರು 5.5 ಮಿಲಿಆಂಪಿಯರ್. 24 ವೋಲ್ಟ್ ತಾಗಿದರೆ ಮಿತಿ ದಾಟುತ್ತದೆ, ಅದಕ್ಕೆ ಈ ರಕ್ಷಣೆ ಸಾಲದು. 12 ವೋಲ್ಟ್ ಕೂಡ ಆಕಸ್ಮಿಕಕ್ಕಷ್ಟೇ. ಹೆಚ್ಚುವರಿ ಪ್ರವಾಹ ಪೂರೈಕೆ ತಂತಿಗೇ ಸೇರುವುದರಿಂದ, ಅದನ್ನು ಹೀರುವಷ್ಟು ಲೋಡ್ ಅಲ್ಲಿ ಇಲ್ಲದಿದ್ದರೆ 3.3 ವೋಲ್ಟ್ ತಂತಿಯೇ ಮೇಲೇರುತ್ತದೆ. ಅಷ್ಟು ವೋಲ್ಟೇಜ್ ಅಳೆಯುವುದೇ ನಿಮ್ಮ ಉದ್ದೇಶವಾದರೆ ಡಿವೈಡರ್ (ವೋಲ್ಟೇಜ್ ಇಳಿಸುವ ಎರಡು ರೆಸಿಸ್ಟರ್‌ಗಳ ಜೋಡಿ) ಹಾಕಿ: ಮೇಲೆ 10 ಕಿಲೋಓಮ್, ಕೆಳಗೆ 2.2 ಕಿಲೋಓಮ್ ಇಟ್ಟರೆ 15 ವೋಲ್ಟ್ ಕೂಡ 2.7ಕ್ಕೆ ಇಳಿಯುತ್ತದೆ.

ರೆಸಿಸ್ಟರ್ ಪುಕ್ಕಟೆ ಬರುವುದಿಲ್ಲ. ±4.096 ವೋಲ್ಟ್ ಶ್ರೇಣಿಯಲ್ಲಿ ಚಿಪ್‌ನ ಇನ್‌ಪುಟ್ ರೋಧ ಸುಮಾರು 6 ಮೆಗಾಓಮ್. ಆದ್ದರಿಂದ ಓದುವಿಕೆ ಶೇ 0.04ರಷ್ಟು ಕಡಿಮೆ ಬರುತ್ತದೆ. 3 ವೋಲ್ಟ್‌ಗೆ ಒಂದು ಮಿಲಿವೋಲ್ಟ್‌ಗಿಂತ ತುಸು ಹೆಚ್ಚು. ನಿಖರ ಅಳತೆ ಮಾಡುವವರು ಹೊಸ ಬೋರ್ಡನ್ನು ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡಿಕೊಳ್ಳಬೇಕು. ಹಳೆಯ ಬೋರ್ಡ್‌ನ ತಿದ್ದುಪಡಿ ಅಂಕಿಗಳನ್ನು ಇದಕ್ಕೆ ಬಳಸಬೇಡಿ.

ಹಳೆಯ ಬೋರ್ಡ್ ಎಸೆಯಬೇಕಿಲ್ಲ. ಪ್ರತಿ ಇನ್‌ಪುಟ್ ತಂತಿಗೆ ಅದೇ 2.2 ಕಿಲೋಓಮ್ ರೆಸಿಸ್ಟರನ್ನು ಬೆಸುಗೆ ಹಾಕಿದರೆ ಸಾಕು. ನಮ್ಮ ಬರಹ ನಂಬಿ ಚಿಪ್ ಸುಟ್ಟುಕೊಂಡವರು ಬೋರ್ಡ್ ಕಳುಹಿಸಿಕೊಡಿ, ಚಿಪ್ ಬದಲಿಸಿ ಕೊಡುತ್ತೇವೆ.

ಇಂತಿ,
ಬೋರ್ಡ್ ತಯಾರಿಕಾ ವಿಭಾಗ